ಡಬ್ಬಿಯ ದಾರಿ, ಮಾತಿನ ದಾರಿ

ಕೂತಲ್ಲಿ ಬೆರಳು ಸುಮ್ಮನಿರದ ಹೆಂಗಸು ಮುರ್ನಿಯಾಸಿ. ಜಾವಾದ ತೆಮಂಗುಂಗ್ ಪೇಟೆಯ ವೃತ್ತಿಶಾಲೆಯಲ್ಲಿ ಅವಳು ಬಹಳ ಕಾಲ ಟೈಪಿಂಗ್ ಕಲಿಸಿದವಳು. ಮಕ್ಕಳ ಕೈಮೇಲೆ ಬಟ್ಟೆ ಹೊದಿಸಿ, ಕಿಟಕಿಯಾಚೆಯ ಸುಂಬಿಂಗ್ ಬೆಟ್ಟ ನೋಡುತ್ತಾ ಹೊಡೆಯಿರಿ ಎನ್ನುತ್ತಿದ್ದಳು. ಒಂದು ವರ್ಷ ಶಾಲೆಯವರು ಟೈಪ್‌ರೈಟರುಗಳನ್ನೆಲ್ಲ ಗುಜರಿಗೆ ಹಾಕಿದರು. ಟೀಚರನ್ನು ಗುಜರಿಗೆ ಹಾಕುವಂತಿಲ್ಲವಲ್ಲ, ಸೆಮಾರಾಂಗ್‌ಗೆ ತರಬೇತಿಗೆ ಕಳಿಸಿ, ಕಂಪ್ಯೂಟರ್ ಜಾಲದ ಪಾಠಕ್ಕೆ ಹಚ್ಚಿದರು. ಆಗ ಅವಳಿಗೆ ಐವತ್ತರ ಹತ್ತಿರ. ಬೇರೆಯವರಾಗಿದ್ದರೆ ಅಳುತ್ತಾ ಕೂರುತ್ತಿದ್ದರು. ಮುರ್ನಿ ಪುಸ್ತಕವನ್ನು ಬಾಯಿಪಾಠ ಮಾಡಿದಳು. ಹಳೆಯ ಅಭ್ಯಾಸವೊಂದು ಮಾತ್ರ ಬಿಡಲಿಲ್ಲ. ಬಾಯಲ್ಲಿ ಹೇಳಲಾಗದ ಮಾತನ್ನು ಅವಳ ಬೆರಳುಗಳು ತೊಡೆಯ ಮೇಲೆ ಟೈಪ್ ಮಾಡುತ್ತಿದ್ದವು.

ಹಾಗೆ ಹೇಳಲಾಗದೆ ಉಳಿದಿದ್ದ ಮಾತು ಒಂದೇ ಅಕ್ಷರದ್ದು. ಜಾವಾದಲ್ಲಿ ಅಕ್ಕನಿಗೆ ‘ಯು’ ಎನ್ನುತ್ತಾರೆ. ಮುರ್ನಿಯ ಅಕ್ಕ ಸುತಾರ್ಮಿ ಪೇಟೆಯ ಪಕ್ಕದ ಅವಳದೇ ಹಳ್ಳಿಯಲ್ಲಿ, ಎರಡು ಓಣಿ ಮೇಲೆ, ಮಸೀದಿಯ ಹಿಂದೆ ಇದ್ದಳು. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ಕೇಳಿ ನಗಬೇಡಿ. ಸುತಾರ್ಮಿಯ ಮಗಳ ಮದುವೆಗೆ ಮುರ್ನಿಗೆ ಅಚ್ಚು ಹಾಕಿಸಿದ ಕಾರ್ಡು ಬಂದಿತ್ತು. ಕಾರ್ಡು ಇರುವುದು ಆಫೀಸಿನವರಿಗೆ, ಪರವೂರಿನವರಿಗೆ. ಒಡಹುಟ್ಟಿದವರನ್ನು ಬಾಯಲ್ಲಿ ಕರೆಯಬೇಕು. ಹಿರಿಯರೊಬ್ಬರು ಮನೆಗೆ ಬಂದು, ಚಾಪೆಯ ಮೇಲೆ ಕೂತು, ಟೀ ಕುಡಿದು ಹೇಳಬೇಕು. ನಾನೇನು ಅವಳಿಗೆ ಆಫೀಸಿನವಳೇ ಎಂದು ಮುರ್ನಿ ಮದುವೆಗೆ ಹೋಗಲಿಲ್ಲ. ಸ್ವಂತ ತಂಗಿಯೇ ಬರಲಿಲ್ಲವೆಂದು ಸುತಾರ್ಮಿ ಮುಖ ತಿರುಗಿಸಿದಳು. ಕಡ್ಡಿ ಗುಡ್ಡವಾಯಿತು. ಊರಿನವರು ಜಾಣರು, ಒಬ್ಬಳ ಮುಂದೆ ಇನ್ನೊಬ್ಬಳ ಸುದ್ದಿ ಎತ್ತುವುದನ್ನೇ ಬಿಟ್ಟರು.

ಮಾತು ನಿಂತರೂ ಅಡುಗೆ ನಿಲ್ಲಿಸುವಂತಿಲ್ಲ. ಹಿರಿಯರನ್ನು ನೆನೆಯುವ ರುವಾ ತಿಂಗಳಲ್ಲಿ ಒಡಹುಟ್ಟಿದವರ ಮನೆಗೆ ಊಟ ಹೋಗಲೇಬೇಕು. ಇಲ್ಲದಿದ್ದರೆ ಸತ್ತವರು ನೊಂದುಕೊಳ್ಳುತ್ತಾರೆ, ಬದುಕಿದವರು ಆಡಿಕೊಳ್ಳುತ್ತಾರೆ. ಹಾಗಾಗಿ ಮುರ್ನಿ ಪ್ರತಿ ವರ್ಷ ಟಿಫನ್ ಕ್ಯಾರಿಯರ್‌ನಲ್ಲಿ ಅನ್ನ, ಕೋಳಿ, ಪಲ್ಯ, ಮೇಲಿನ ಡಬ್ಬಿಯಲ್ಲಿ ಅಕ್ಕನಿಗೆ ಪ್ರಾಣವಾದ ವಾಜಿಕ್ ಎಂಬ ಅಕ್ಕಿ-ಬೆಲ್ಲದ ಸಿಹಿ ತುಂಬಿ, ಗಂಡ ಸುವಿತೊನ ಕೈಲಿ ಕಳಿಸುತ್ತಿದ್ದಳು. ಕ್ಯಾರಿಯರ್ ಖಾಲಿ ಮರಳಿದರೆ ಮರ್ಯಾದೆಯಲ್ಲ ಎಂದು ಅಲ್ಲಿಂದ ಅಕ್ಕಿಯೋ ಒಣಮೀನೋ ಬರುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ.

ಆ ವರ್ಷ ಸುವಿತೊ ಕ್ಯಾರಿಯರ್ ಕೊಟ್ಟು ಬಂದವನು ಸ್ಕೂಟರ್ ನಿಲ್ಲಿಸಿ ತಲೆ ಕೆರೆದುಕೊಂಡ.

“ನಿಮ್ಮಕ್ಕ ಗಂಟುಮೂಟೆ ಕಟ್ತಿದಾಳೆ. ಲಾಂಪುಂಗ್‌ಗೆ, ಮಗಳ ಮನೆಗೆ. ಇಲ್ಲಿನ ತನ್ನ ಮನೇನ ಹೊಗೆಸೊಪ್ಪಿನ ಸಾಹುಕಾರಂಗೆ ಬಾಡಿಗೆಗೆ ಕೊಟ್ಟಳಂತೆ. ಉಪವಾಸದ ತಿಂಗಳು ಶುರುವಾಗೋಕೆ ಮುಂಚೆ ಹೊರಡ್ತಾಳೆ.”

“ವಾಪಸ್ ಯಾವಾಗ ಬರ್ತಾಳಂತೆ?”

“ಕೇಳೋಕೆ ನಾನ್ಯಾರು? ನಾನು ಡಬ್ಬಿ ಹೊರೋ ಕತ್ತೆ. ಮಾತು ಹೊರೋ ಕೆಲ್ಸ ನಂಗ್ಯಾರೂ ಕೊಟ್ಟಿಲ್ಲ.”

ಲಾಂಪುಂಗ್ ಎಂದರೆ ಸಮುದ್ರದಾಚೆ, ಸುಮಾತ್ರಾದಲ್ಲಿ. ಮನೆಯನ್ನೇ ಕೊಟ್ಟು ಹೋಗುವವಳು ಮತ್ತೆ ಯಾಕೆ ಬಂದಾಳು? ಹೀಗೇ ಮಾತಿಲ್ಲದೆ ಹೋಗಿಬಿಟ್ಟರೆ ಇನ್ನು ಅಕ್ಕ ಎಂದು ಕರೆಯುವುದು ಗೋರಿಯ ಮುಂದೆಯೇ ಎಂದು ಮುರ್ನಿಗೆ ಭಯವಾಯಿತು. ಹೋಗಿ ಮಾತಾಡಿಸಿಬಿಡಲೇ ಎನಿಸಿತು. ತಪ್ಪು ಅವಳದು, ಅವಳೇ ಮೊದಲು ಮಾತಾಡಲಿ ಎಂದೂ ಎನಿಸಿತು. ಬೆರಳುಗಳು ತೊಡೆಯ ಮೇಲೆ ಆ ಒಂದಕ್ಷರವನ್ನೇ ಹೊಡೆಯುತ್ತಾ ಕೂತವು.

ಮರುದಿನ ತರಗತಿಯಲ್ಲಿ ಅವಳಿಗೆ ತಲೆನೋವಿನ ಪಾಠವೇ ಎದುರಾಯಿತು. ಜಾಲದಲ್ಲಿ ಎರಡು ಬಗೆಯ ಕಟ್ಟಳೆಗಳಿವೆ, ಒಂದು ರೌಟೆಡ್ ಪ್ರೋಟೋಕಾಲ್, ಇನ್ನೊಂದು ರೌಟಿಂಗ್ ಪ್ರೋಟೋಕಾಲ್. ಹೆಸರು ಅವಳಿಜವಳಿ, ಕೆಲಸ ಬೇರೆ ಬೇರೆ. ಮಕ್ಕಳು ಪ್ರತಿ ವರ್ಷ ಇದನ್ನು ಗಿಳಿಪಾಠ ಒಪ್ಪಿಸಿ ಪರೀಕ್ಷೆಯಲ್ಲಿ ಅದಲುಬದಲು ಮಾಡುತ್ತಿದ್ದರು. ಮುಂದಿನ ಬೆಂಚಿನ ಲಾರಸ್ ಎಂಬ ಹುಡುಗಿಗೆ ನಾಲಿಗೆಯೂ ಚುರುಕು, ತಲೆಯೂ ಚುರುಕು. ಅಲ್ಲಿ ಟೀಚರಮ್ಮನನ್ನು ‘ಬು’ ಎನ್ನುತ್ತಾರೆ.

“ಬು, ಎರಡೂ ಒಂದೇ ಥರ ಕೇಳ್ಸುತ್ತೆ. ಪುಸ್ತಕ ಬರೆದೋರಿಗೆ ಬೇರೆ ಹೆಸರು ಸಿಗ್ಲಿಲ್ವಾ?”

ಮುರ್ನಿಯ ತಲೆಯಲ್ಲಿ ಹಿಂದಿನ ದಿನದ ಕ್ಯಾರಿಯರ್ ಬಿಟ್ಟು ಬೇರೇನೂ ಇರಲಿಲ್ಲ. ಬಾಯಿಗೆ ಅದೇ ಬಂತು.

“ನಿಮ್ಮನೆಯಿಂದ ರುವಾಗೆ ಅಡುಗೆ ಕಳ್ಸಲ್ವಾ? ಡಬ್ಬಿ ಮೇಲೆ ಹೆಸರಿರುತ್ತೆ, ಒಳಗೆ ಊಟ ಇರುತ್ತೆ. ಡಬ್ಬಿಗೆ ದಾರಿ ಗೊತ್ತಾ?”

“ಡಬ್ಬಿಗೆ ಹೇಗೆ ಗೊತ್ತಿರುತ್ತೆ ಬು?”

“ಅದೇ ರೌಟೆಡ್. ಸರಕು ಹೊತ್ಕೊಂಡು ಹೋಗೋದು. ಈಗ ಓಣಿ ಓಣಿ ಮೂಲೇಲಿ ಜನ ನಿಂತು ಮಾತಾಡ್ತಾರಲ್ಲ, ಕೆಳಗಿನ ಸೇತುವೆ ಕುಸಿದಿದೆ, ಮಸೀದಿ ಕಡೆಯಿಂದ ಹೋಗು, ಆ ಮನೆಯೋರು ಬೇರೆ ಕಡೆ ಹೋದ್ರು ಅಂತ. ಆ ಮಾತಲ್ಲಿ ಒಂದಗುಳು ಅನ್ನ ಇರಲ್ಲ. ಆದ್ರೆ ಡಬ್ಬಿ ಎಲ್ಲಿಗೆ ತಿರುಗ್ಬೇಕು ಅನ್ನೋದು ಆ ಮಾತಿಂದ್ಲೇ ಗೊತ್ತಾಗೋದು. ಆ ಮಾತು ರೌಟಿಂಗ್. ಮೂಲೇಲಿ ನಿಂತೋರು ರೌಟರ್‌ಗಳು.”

ತರಗತಿ ಮೊದಲ ಸಲ ತಲೆದೂಗಿತು. ಹುಮ್ಮಸ್ಸಿನಲ್ಲಿ ಅವಳು ತೀರಿಹೋದ ಚಿಕ್ಕಪ್ಪ ಪರ್ಜನ್‌ನನ್ನೂ ಪಾಠಕ್ಕೆ ಎಳೆದಳು. ಪರ್ಜನ್ ಯಾರಿಗೂ ಇಲ್ಲ ಎಂದವನಲ್ಲ. ದಾರಿ ಕೇಳಿದವರಿಗೆ ಗೊತ್ತಿಲ್ಲ ಎನ್ನುವುದು ಒರಟುತನವೆಂದು, ಕಂಡುಕೇಳರಿಯದ ಊರಿಗೂ ಹೆಬ್ಬೆರಳು ಚಾಚಿ ವಿನಯವಾಗಿ ದಾರಿ ತೋರಿಸುತ್ತಿದ್ದ. ಅಂಥ ಒಬ್ಬ ರೌಟರ್ ಇದ್ದರೆ ಸಾಕು, ಸರಕೆಲ್ಲ ಹಳ್ಳಕ್ಕೆ ಬೀಳುತ್ತದೆ ಎಂದಳು. ಮಕ್ಕಳು ನಕ್ಕರು. ಲಾರಸ್ ಬಿಡಲಿಲ್ಲ.

“ಮಾತು ನಿಂತೋದ್ರೆ ಡಬ್ಬಿ ಹೋಗಲ್ವಾ ಬು?”

“ದಾರಿ ಒಂದ್ಸಲ ಬರೆದಿಟ್ಟಿದ್ರೆ ಹೋಗುತ್ತೆ. ಅದೇ ಹಳೇ ದಾರೀಲಿ ಹೋಗ್ತಾನೇ ಇರುತ್ತೆ. ಆ ಕಡೆ ಏನಾಗಿದೆ ಅಂತ ಮಾತ್ರ ಗೊತ್ತಾಗಲ್ಲ.”

“ಮತ್ತೆ ಮಾತು ಶುರುವಾಗೋದು ಹೆಂಗೆ?”

“ಮೊದ್ಲು ‘ಹಲೋ’ ಅಂತಾರೆ. ಅಷ್ಟೇ. ಲೆಕ್ಕಾಚಾರ, ಸುದ್ದಿ ಎಲ್ಲ ಆಮೇಲೆ. ಬಹಳ ಹೊತ್ತು ಹಲೋ ಕೇಳಿಸ್ಲಿಲ್ಲ ಅಂದ್ರೆ, ಪಕ್ಕದೋರು ಸತ್ರು ಅಂತ ಲೆಕ್ಕ.”

“ಇಬ್ರಲ್ಲಿ ಯಾರು ಮೊದ್ಲು ಹೇಳ್ಬೇಕು?”

ಮುರ್ನಿ ಸೀಮೆಸುಣ್ಣ ಕೆಳಗಿಟ್ಟಳು. ಉತ್ತರ ಗೊತ್ತಿತ್ತು, ಪುಸ್ತಕದಲ್ಲೇ ಇತ್ತು, ವರ್ಷಗಟ್ಟಲೆ ಅವಳೇ ಓದಿ ಹೇಳಿದ್ದಳು.

“ಯಾರೂ ಕಾಯಲ್ಲ,” ಎಂದಳು ಮೆಲ್ಲಗೆ. “ಇಬ್ರೂ ತಂತಮ್ಮ ಪಾಡಿಗೆ ಹೇಳ್ತಾನೇ ಇರ್ತಾರೆ.”

“ಆ ಕಡೆಯೋರು ತಿರುಗಿ ಹೇಳ್ದಿದ್ರೂ?”

“ಹೇಳ್ದಿದ್ರೂ.”

“ನಾಚಿಕೆ ಆಗಲ್ವಾ?”

“ರೌಟರ್‌ಗೆ ನಾಚಿಕೆ ಇಲ್ಲಮ್ಮ. ಅದಕ್ಕೇ ಕೆಲ್ಸ ಆಗೋದು.”

ಮಕ್ಕಳು ಇನ್ನೊಮ್ಮೆ ನಕ್ಕರು. ಮುರ್ನಿ ಬೋರ್ಡಿಗೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಆ ಸೀಮೆಯ ‘ಹಲೋ’ ಬೇರೆಯೇ. ದಾರಿಯಲ್ಲಿ ಸಿಕ್ಕವರನ್ನು ಅಲ್ಲಿ ‘ಎಲ್ಲಿಗೆ ಹೊರಟಿರಿ’ ಎಂದು ಕೇಳುತ್ತಾರೆ. ನಮ್ಮಲ್ಲಿ ಹೊರಟವರನ್ನು ಹಾಗೆ ಕೇಳಿದರೆ ಅಪಶಕುನ, ಅಲ್ಲಿ ಕೇಳದಿದ್ದರೆ ಸೊಕ್ಕು. ಉತ್ತರವನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಯಾವುದಾದರೊಂದು ದಿಕ್ಕು ಹೇಳಿ ನಡೆದುಬಿಡುತ್ತಾರೆ. ದಿಕ್ಕೆಂದರೆ ಅವರಿಗೆ ಅಷ್ಟು ಸಲಿಗೆ. ಊಟಕ್ಕೆ ಕೂತಾಗಲೂ ‘ಆ ಖಾರದ ಬಟ್ಟಲು ಸ್ವಲ್ಪ ಮೂಡಲಿಗೆ ಸರಿಸು’ ಎನ್ನುವ ಜನ.

ಸುತಾರ್ಮಿ ಬೆಳಗ್ಗೆ ಸಂತೆಗೆ ಹೋಗುವುದು ಮುರ್ನಿಯ ಮನೆಯ ಮುಂದೆಯೇ. ಇಷ್ಟು ವರ್ಷ ಆ ಹೊತ್ತಿಗೆ ಮುರ್ನಿ ಒಳಗಿರುತ್ತಿದ್ದಳು. ಮಾರನೆಯ ಬೆಳಗ್ಗೆ ಪೊರಕೆ ಹಿಡಿದು, ಗುಡಿಸಿದ ಅಂಗಳವನ್ನೇ ಗುಡಿಸುತ್ತಾ ಕಾದಳು. ಬುಟ್ಟಿ ಹಿಡಿದು ಅಕ್ಕ ಬಂದಳು.

“ಎಲ್ಲಿಗೆ ಹೊರಟೆ, ಯು?”

ಸುತಾರ್ಮಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕೇಳಿರಬೇಕೆಂದು. ಹಿಂದೆ ಯಾರೂ ಇರಲಿಲ್ಲ. ಸುಮ್ಮನೆ ಹೋದಳು. ಮುರ್ನಿಗೆ ಕಿವಿಯವರೆಗೂ ಮುಖ ಬಿಸಿಯಾಯಿತು. ಸುವಿತೊ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದವನು ಏನೂ ನೋಡದವನಂತೆ ಒಳಗೆ ಹೋದ. ಮರುದಿನವೂ ಅದೇ ಪೊರಕೆ, ಅದೇ ಪ್ರಶ್ನೆ. ಆವತ್ತು ‘ಹೂಂ’ ಎಂಬಂಥ ಒಂದು ಸದ್ದು ಬಂತು, ಕೆಮ್ಮೂ ಇರಬಹುದು. ಮುರ್ನಿ ಇಡೀ ದಿನ ಅದನ್ನೇ ಮೆಲುಕು ಹಾಕಿದಳು.

ಹೊರಡುವ ದಿನ ಸುತಾರ್ಮಿಯ ಕೈಯಲ್ಲಿ ಬುಟ್ಟಿಯ ಬದಲು ಚೀಲವಿತ್ತು. ಸಾಮಾನೆಲ್ಲ ಮುಂಚೆಯೇ ಬಸ್ ನಿಲ್ದಾಣಕ್ಕೆ ಹೋಗಿತ್ತು.

“ಎಲ್ಲಿಗೆ ಹೊರಟೆ, ಯು?” ಮುರ್ನಿ ಪೊರಕೆ ಬಿಟ್ಟು ಕೇಳಿದಳು.

ಸುತಾರ್ಮಿ ನಿಂತಳು. “ಹಿಂಗೇ,” ಎಂದಳು, “ಪಡುವಲಾಗಡೆ.”

ಎಲ್ಲರೂ ಹೇಳುವ ಹಾರಿಕೆಯ ಉತ್ತರ. ಲಾಂಪುಂಗ್ ಇರುವುದೂ ಪಡುವಲಿಗೇ. ಅದು ಇಬ್ಬರಿಗೂ ಒಟ್ಟಿಗೆ ಹೊಳೆದು, ಸುತಾರ್ಮಿಗೆ ನಗು ಬಂತು, ಮುರ್ನಿಗೆ ಅಳು. ಸುತಾರ್ಮಿ ಚೀಲ ಇಳಿಸಿ ಜಗಲಿಯ ಮೇಲೆ ಕೂತಳು.

“ಕಾರ್ಡು ಕಳಿಸಿದ್ಯಲ್ಲ ಯು, ಊರ ಮೇಲಿನೋರಿಗೆ ಕಳಿಸ್ದಂಗೆ.”

“ಕಾರ್ಡಿನ ಮಾತ್ಯಾಕೆ? ಬಾಯಲ್ಲಿ ಕರೆದು ಬಾ ಅಂತ ಪರ್ಜನ್ ಚಿಕ್ಕಪ್ಪನ್ನೇ ಕಳಿಸಿದ್ನಲ್ಲ.”

“ಅವ್ನು ಬರ್ಲೇ ಇಲ್ಲ.”

“ಹೋಗ್ಬಂದ್ಯಾ ಅಂದ್ರೆ ಹೂಂ ಅಂದ. ಅವಳೇನಂದ್ಲು ಅಂದ್ರೆ, ಬರ್ತೀನಿ ಅಂದ್ಲು ಅಂದ.”

ಸತ್ತವನನ್ನು ಬೈಯುವಂತಿಲ್ಲ, ಬೈಯದೆ ಇರಲೂ ಆಗುತ್ತಿರಲಿಲ್ಲ. ಕೊನೆಗೆ ಮುರ್ನಿ ಹೆಬ್ಬೆರಳು ಚಾಚಿ, ಚಿಕ್ಕಪ್ಪನ ಹಾಗೆಯೇ ಬಾಗಿ ವಿನಯದಿಂದ ದಾರಿ ತೋರಿಸಿದಳು. ಸುತಾರ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇನ್ನೊಂದು,” ಎಂದಳು ಕಣ್ಣೊರೆಸಿಕೊಳ್ಳುತ್ತಾ. “ನಿನ್ನ ವಾಜಿಕ್ ತಿಂದು ನಮ್ಮನೆ ಕೋಳಿಗಳು ಕೊಬ್ಬಿವೆ. ನಂಗೆ ಸಕ್ಕರೆ ಕಾಯಿಲೆ ಬಂದು ಎಷ್ಟು ಕಾಲ ಆಯ್ತು, ಗೊತ್ತಾ ನಿಂಗೆ?”

ಮುರ್ನಿಗೆ ಗೊತ್ತಿರಲಿಲ್ಲ. ಡಬ್ಬಿ ಹಳೆಯ ದಾರಿಯಲ್ಲಿ ಹೋಗುತ್ತಲೇ ಇತ್ತು. ಬಸ್ಸಿನ ಹೊತ್ತಾಗಿತ್ತು. ಸುವಿತೊ ಸ್ಕೂಟರ್ ತೆಗೆದ. ಹೋಗುವ ಮುಂಚೆ ಸುತಾರ್ಮಿ ತಂಗಿಯ ಫೋನಿನಲ್ಲಿ ತನ್ನ ನಂಬರು ತಾನೇ ಒತ್ತಿದಳು.

ಉಪವಾಸದ ತಿಂಗಳಿಡೀ ದಿನಾ ನಸುಕಿನ ಊಟದ ಹೊತ್ತಿಗೆ ಫೋನು. ಅದರಲ್ಲಿ ಹೂರಣವೇನೂ ಇರುತ್ತಿರಲಿಲ್ಲ. ಎದ್ಯಾ, ಎದ್ದೆ. ತಿಂದ್ಯಾ, ತಿಂದೆ. ಎಲ್ಲಿಗೆ ಹೊರಟೆ, ಎಲ್ಲಿಗೂ ಇಲ್ಲ. “ಇದಕ್ಕೆ ದುಡ್ಡು ಹಾಕಿಸ್ಬೇಕಾ?” ಎಂದು ಸುವಿತೊ ಹಂಗಿಸಿದ. “ಇದೇ ರೌಟಿಂಗ್ ರೀ, ನಿಮಗೆ ಅರ್ಥ ಆಗಲ್ಲ,” ಎಂದಳು ಮುರ್ನಿ. ಅವಳ ಬೆರಳುಗಳು ತೊಡೆಯ ಮೇಲೆ ಸುಮ್ಮನೆ ಇದ್ದವು.

ಹಬ್ಬಕ್ಕೆ ಸ್ವಲ್ಪ ದಿನವಿರುವಾಗ ಒಂದು ಬೆಳಗ್ಗೆ ಫೋನಿನಲ್ಲಿ ಗಾಳಿಯ ಸದ್ದು, ಜನರ ಗಲಾಟೆ, ಹಡಗಿನ ಸಿಳ್ಳೆ ಕೇಳಿಸಿತು.

“ಎಲ್ಲಿಗೆ ಹೊರಟೆ, ಯು?”

“ಹಿಂಗೇ,” ಎಂದಳು ಸುತಾರ್ಮಿ, “ಮೂಡ್ಲಾಗಡೆ.”

ಮೂಡಲಿಗೆ ಅವಳ ಮನೆಯಲ್ಲಿ ಈಗ ಹೊಗೆಸೊಪ್ಪಿನ ಸಾಹುಕಾರನಿದ್ದ. ಅಲ್ಲಿ ಅವಳಿಗೆ ಇದ್ದದ್ದು ತಂಗಿಯ ಮನೆಯೊಂದೇ. ಮುರ್ನಿ ಫೋನ್ ಕೆಳಗಿಟ್ಟು, ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಎಂದು ಗಂಡನಿಗೆ ಕೂಗಿ ಹೇಳಿ, ಬೆಲ್ಲವಿಲ್ಲದ ಅಡುಗೆ ಏನು ಮಾಡುವುದೆಂದು ಯೋಚಿಸುತ್ತಾ ಒಲೆಯ ಮುಂದೆ ನಿಂತಳು.