ಆಪರೇಷನ್ ದಿನದ ಗೊಜ್ಜವಲಕ್ಕಿ

ನೋವು ಮೊದಲು ಬಂದದ್ದು ಮೊಮ್ಮಗಳ ಹುಟ್ಟುಹಬ್ಬದ ಸಂಜೆ. ಎರಡು ಭಟೂರೆ ತಿಂದಿದ್ದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಗ್ಯಾಸ್ ಅಂದುಕೊಂಡೆ. ನಮ್ಮ ಮನೆತನದಲ್ಲಿ ಕತ್ತಿನಿಂದ ಮೊಣಕಾಲಿನವರೆಗೆ ಎಲ್ಲಿ ನೋವು ಬಂದರೂ ಅದು ಗ್ಯಾಸೇ. ಜೀರಿಗೆ ಕಷಾಯ ಕುಡಿದೆ, ಓಮ ಅಗಿದೆ. ನೋವು ಬೆನ್ನಿಗೆ ಹೋಗಿ, ಭುಜಕ್ಕೆ ಏರಿ, ಮತ್ತೆ ಪಕ್ಕೆಗೇ ಬಂದು ಕೂತಿತು.

ಮಗಳು ಶುಭಾ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಅಧಿಕಾರಿ. ದೆಹಲಿಯ ಲೋಧಿ ಕಾಲೋನಿಯ ಅವಳ ಸರ್ಕಾರಿ ಫ್ಲ್ಯಾಟಿನಲ್ಲಿ ನಾನಿದ್ದೇನೆ. ಮೊಮ್ಮಗಳು ಅನ್ವಿ ಹುಟ್ಟಿದಾಗ ಬಾಣಂತನಕ್ಕೆಂದು ಮೈಸೂರಿನಿಂದ ಬಂದವಳು. ಆ ಮಗು ಈಗ ಒಂಬತ್ತನೇ ಕ್ಲಾಸು. ಇಷ್ಟು ವರ್ಷವಾದರೂ ನನ್ನ ಹಿಂದಿ ತರಕಾರಿ ಗಾಡಿಯ ಭಯ್ಯಾನವರೆಗೆ ಮಾತ್ರ ಹೋಗುತ್ತದೆ, ಅದೂ ಕೊತ್ತಂಬರಿ ಬಿಟ್ಟಿ ಸಿಗುವಷ್ಟು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನನ್ನನ್ನು ಮಲಗಿಸಿದರು. ಶುಭಾ ಕಾರು ನಿಲ್ಲಿಸಲು ಹೋಗಿದ್ದಳು. ಅನ್ವಿಯೇ ದುಭಾಷಿ. ನನಗೆ ಏನಾಗುತ್ತಿದೆ ಎಂದು ನರ್ಸ್ ಕೇಳಿದಳು.

"ಹೊಟ್ಟೇಲಿ ಸಂಕಟ ಅಂತ ಹೇಳು ಪುಟ್ಟಿ," ಎಂದೆ.

ಅವಳು ಹೇಳಿದಳು. "ಅಜ್ಜಿ ಕೇ ಪೇಟ್ ಮೇ ಸಂಕಟ್ ಹೈ."

ನರ್ಸ್ ಕಕ್ಕಾಬಿಕ್ಕಿಯಾದಳು. ಹಿಂದಿಯಲ್ಲಿ ಸಂಕಟ್ ಎಂದರೆ ಪ್ರವಾಹ, ಯುದ್ಧ, ಸರ್ಕಾರ ಬೀಳುವುದು, ಆ ಜಾತಿಯದಂತೆ. ನನ್ನ ಹೊಟ್ಟೆಯಲ್ಲಿ ಸರ್ಕಾರವೇ ಬಿದ್ದಿದೆ ಎಂದುಕೊಂಡಳೋ ಏನೋ, ಓಡಿಹೋಗಿ ದೊಡ್ಡ ಡಾಕ್ಟರನ್ನೇ ಕರೆತಂದಳು. ಹೀಗಾಗಿ ನನಗೆ ಕಾಯುವುದು ತಪ್ಪಿತು. ಅಲ್ಟ್ರಾಸೌಂಡ್ ಆಯಿತು.

ಗಾಲ್ ಬ್ಲಾಡರಿನಲ್ಲಿ ಕಲ್ಲು. ಆಪರೇಷನ್ ಆಗಲೇಬೇಕು.

ನಾನು ಧೈರ್ಯವಂತೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ, ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಆದರೆ ಅನಸ್ತೇಶಿಯಾ ಎಂಬ ಮಾತು ಕೇಳಿ ಹೆದರಿದೆ. ನೋವು ಸಹಿಸಿಕೊಳ್ಳಬಹುದು. ನನಗೆ ಗೊತ್ತೇ ಆಗದ ಹಾಗೆ ಯಾರೋ ನನ್ನನ್ನು ಮಲಗಿಸಿ, ಯಾರೋ ಎಬ್ಬಿಸುವುದು ಎಂದರೆ? ಎಬ್ಬಿಸುವುದನ್ನು ಮರೆತರೆ? ಶುಭಾಗೆ ಇದನ್ನು ಹೇಳಲಿಲ್ಲ. ಅವಳಿಗೆ ಆಫೀಸಿನ ಫೈಲುಗಳೇ ಸಾಕಷ್ಟಿದ್ದವು, ಅಳಿಯ ಬೇರೆ ಟೂರಿನ ಮೇಲಿದ್ದ.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯವರು ಶುಭಾಗೆ ಫೋನ್ ಮಾಡಿ ಉದ್ದಕ್ಕೆ ಏನೇನೋ ಹೇಳಿದರು. ಅವಳು "ಜೀ, ಜೀ" ಎಂದು ಕೇಳಿಸಿಕೊಂಡು, ನನ್ನ ಕಡೆ ತಿರುಗಿ ಒಂದೇ ಸಾಲಿನಲ್ಲಿ ಮುಗಿಸಿದಳು.

"ಅಮ್ಮಾ, ನಾಳೆ ಬೆಳಿಗ್ಗೆ ಉಪವಾಸ ಇರ್ಬೇಕಂತೆ."

ಉಪವಾಸದ ವಿಷಯ ನನಗೆ ಹೇಳಿಕೊಡಬೇಕೇ? ಮದುವೆಯಾದಾಗಿನಿಂದ ಶನಿವಾರ ತಪ್ಪಿಸಿದವಳಲ್ಲ, ಏಕಾದಶಿ ತಪ್ಪಿಸಿದವಳಲ್ಲ. ಉಪವಾಸ ಎಂದರೆ ಊಟ ಇಲ್ಲ. ಊಟ ಎಂದರೆ ಅನ್ನ. ಅನ್ನ ಮುಟ್ಟುವಂತಿಲ್ಲ, ಅಷ್ಟೇ. ಉಳಿದಂತೆ ಗೊಜ್ಜವಲಕ್ಕಿ, ಹಾಲು, ಬಾಳೆಹಣ್ಣು, ಎಲ್ಲ ನಡೆಯುತ್ತದೆ. ಅವಲಕ್ಕಿಯೂ ಅಕ್ಕಿಯೇ ಅಲ್ಲವೇ ಎಂದು ದಯವಿಟ್ಟು ಕೇಳಬೇಡಿ. ನಮ್ಮ ಅತ್ತೆಯವರನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿದೆ. ದೇವರಿಗೆ ದೀಪ ಹಚ್ಚಿದೆ. ಹುಣಸೆಹಣ್ಣಿನ ರಸಕ್ಕೆ ಸಾರಿನ ಪುಡಿ, ಬೆಲ್ಲ ಸೇರಿಸಿ ಅವಲಕ್ಕಿ ನೆನೆಹಾಕಿ, ಸಾಸಿವೆ, ಕಡಲೇಬೀಜ, ಇಂಗಿನ ಒಗ್ಗರಣೆ ಕೊಟ್ಟೆ. ಜಿಡ್ಡು ಬೇಡ ಎಂದಿದ್ದ ಡಾಕ್ಟರ ಮಾತಿಗೆ ಬೆಲೆ ಕೊಟ್ಟು ಎಣ್ಣೆ ಕಡಿಮೆ ಹಾಕಿದೆ. ಭಯದಲ್ಲಿ ನನಗೆ ಹಸಿವು ಜಾಸ್ತಿ, ಆದ್ದರಿಂದ ಎರಡು ಸಲ ಬಡಿಸಿಕೊಂಡೆ. ಮೇಲೊಂದು ಬಾಳೆಹಣ್ಣು, ಲೋಟ ತುಂಬ ಹಾಲು. ಒಗ್ಗರಣೆಯ ಘಮ ಬಂದಾಗ, ಅನ್ವಿಯ ಸ್ಕೂಲ್ ಡಬ್ಬಿಗೆ ಇರಬೇಕು ಎಂದು ಶುಭಾ ಅಂದುಕೊಂಡಳಂತೆ.

ಆಸ್ಪತ್ರೆಯಲ್ಲಿ ಬಳೆ ಬಿಚ್ಚಿಸಿದರು, ಕನ್ನಡಕ ತೆಗೆಸಿದರು, ಹಲ್ಲಿನ ಸೆಟ್ಟನ್ನೂ ಡಬ್ಬಿಗೆ ಹಾಕಿಸಿದರು. ಬೆನ್ನ ಹಿಂದೆ ದಾರ ಕಟ್ಟುವ ಹಸಿರು ಅಂಗಿ ತೊಡಿಸಿದರು. ಅದನ್ನು ಹೊಲಿದವನಿಗೆ ಅರ್ಧಕ್ಕೇ ಬಟ್ಟೆ ಮುಗಿದಿರಬೇಕು. ಓ.ಟಿ. ಪಕ್ಕದ ಕೋಣೆಯಲ್ಲಿ ಮಲಗಿಸಿ, ಹರಿಯಾಣದ ಕಡೆಯ ಗಟ್ಟಿ ದನಿಯ ನರ್ಸ್ ಒಬ್ಬಳು ಕೇಳಿದಳು.

"ಮಾತಾಜೀ, ಖಾನಾ ಖಾಯಾ?"

"ನಹೀ," ಎಂದೆ. ಖಾನಾ ಎಂದರೆ ಊಟ. ಊಟ ಎಲ್ಲಿ ಮಾಡಿದ್ದೆ? ಎದೆ ತಟ್ಟಿ ಹೇಳಬಹುದಾದ ಸತ್ಯ.

ಆಮೇಲೆ ಅನಸ್ತೇಶಿಯಾ ಕೊಡುವ ಡಾಕ್ಟರು ಬಂದರು. ಚಿಕ್ಕ ವಯಸ್ಸು, ನಗುಮುಖ. ಗಂಟಲು ನೋಡಬೇಕು, ಬಾಯಿ ದೊಡ್ಡದಾಗಿ ತೆರೆಯಿರಿ ಎಂದು ಸನ್ನೆ ಮಾಡಿ, ಟಾರ್ಚ್ ಹಿಡಿದು ಮುಖದ ಹತ್ತಿರಕ್ಕೆ ಬಗ್ಗಿದರು. ನಾನು ಬಾಯಿ ತೆರೆದೆ.

ತೇಗು ಬಂತು.

ಸಣ್ಣದಲ್ಲ. ಇಂಗು, ಹುಣಸೆಹಣ್ಣು, ಬೆಲ್ಲ, ಎಲ್ಲ ಸೇರಿದ ತುಂಬು ಸಂಸಾರದ ತೇಗು. ಡಾಕ್ಟರು ಟಾರ್ಚ್ ಆರಿಸಿದರು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು.

"ಮಾತಾಜೀ, ಆಪ್ ನೇ ಖಾನಾ ಖಾಯಾ ಹೈ?"

"ಖಾನಾ ನಹೀ ಖಾಯಾ," ಎಂದೆ, ಸ್ವಲ್ಪ ಜೋರಾಗಿಯೇ. "ಅವಲಕ್ಕಿ ಖಾಯಾ. ಕೇಲಾ ಖಾಯಾ. ದೂಧ್ ಪೀಯಾ."

ಆಪರೇಷನ್ ರದ್ದಾಯಿತು.

ಹೊರಗೆ ಕೂತಿದ್ದ ಶುಭಾಳನ್ನು ಕರೆಸಿ ಡಾಕ್ಟರು ವಿವರಿಸಿದರು. ಹೊಟ್ಟೆ ತುಂಬಿದ್ದಾಗ ಅನಸ್ತೇಶಿಯಾ ಕೊಟ್ಟರೆ ತಿಂದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಶುಭಾ ಅದನ್ನು ಕನ್ನಡದಲ್ಲಿ ತಿಳಿಸಿದಾಗಲೇ ನನಗೆ ಅರ್ಥವಾದದ್ದು. ನಾಲ್ಕು ಜನರ ಮುಂದೆ ನಾಚಿಕೆಗೇಡು ಎಂದುಕೊಂಡ ತೇಗು ನನ್ನ ಪ್ರಾಣ ಉಳಿಸಿತ್ತು.

ಆದರೆ ನನ್ನನ್ನು ಚುಚ್ಚಿದ್ದು ಬೇರೆ. ಗಾಲಿಕುರ್ಚಿಯಲ್ಲಿ ವಾಪಸು ತಳ್ಳಿಕೊಂಡು ಬರುವಾಗ ಆ ನರ್ಸ್ ಇನ್ನೊಬ್ಬಳಿಗೆ ಹೇಳಿದ್ದು ಕಿವಿಗೆ ಬಿತ್ತು. "ಮಾತಾಜೀ ನೇ ಝೂಠ್ ಬೋಲಾ."

ಸುಳ್ಳು ಹೇಳಿದೆನಂತೆ. ನಾನು! ಅಷ್ಟು ಹಿಂದಿ ನನಗೆ ಅರ್ಥವಾಗುತ್ತದೆ.

ಕಾರಿನಲ್ಲಿ ಶುಭಾ ಸಿಡಿದಳು. "ಅಮ್ಮಾ, ಆಪರೇಷನ್‌ಗೆ ಯಾರಾದ್ರೂ ಗೊಜ್ಜವಲಕ್ಕಿ ತಿಂದ್ಕೊಂಡು ಹೋಗ್ತಾರಾ?"

"ನೀನು ಹೇಳಿದ್ದೇನೇ? ಉಪವಾಸ ಅಂತ ತಾನೆ? ನಮ್ಮನೇಲಿ ಉಪವಾಸ ಅಂದ್ರೆ ಏನು, ನೀನೇ ಹೇಳು."

ಚಿಕ್ಕವಳಿದ್ದಾಗ, ದಿನಾ ಶನಿವಾರವೇ ಬರಲಿ ಎಂದು ದೇವರ ಮುಂದೆ ಕೈಮುಗಿದು ನಿಲ್ಲುತ್ತಿದ್ದವಳು ಅವಳೇ. ಸಿಗ್ನಲ್ಲಿನ ಕೆಂಪು ದೀಪಕ್ಕೆ ಕಾರು ನಿಂತಾಗ ಮೊದಲು ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ನಿಜವಾಗಿಯೂ ಅತ್ತಳು. "ಆ ತೇಗು ಬರ್ದೇ ಇದ್ದಿದ್ರೆ ಏನ್ಮಾಡ್ತಿದ್ದೆ ಅಮ್ಮ ನಾನು?" ಅವಳ ಕೈ ಹಿಡಿದುಕೊಂಡೆ. ಹಿಂದಿನ ಕಾರಿನವನು ಹಾರ್ನ್ ಒತ್ತಿದ.

ಮುಂದಿನ ವಾರಕ್ಕೆ ಮತ್ತೆ ದಿನ ಕೊಟ್ಟರು. ಅಲ್ಲಿಯವರೆಗೆ ಬರೀ ಗಂಜಿ, ಬೇಯಿಸಿದ ಸೋರೆಕಾಯಿ. ಮಧ್ಯೆ ಒಮ್ಮೆ ನೋವು ಬಂದು ಹೋಯಿತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಆ ಝೂಠ್. ಈ ಸಲ ನಾನು ತಿಂದಿಲ್ಲ ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಮತ್ತೆ ವಾಪಸು ಕಳಿಸುತ್ತಾರೆಯೇ? ಆಪರೇಷನ್ನಿನ ದಿನ ಶುಭಾ ಅಡುಗೆಮನೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾನು ತುಳಸಿಗೆ ನೀರು ಹಾಕಲು ಚೊಂಬು ಹಿಡಿದರೂ ಅವಳ ಕಣ್ಣು ಚೊಂಬಿನ ಮೇಲೆ.

ಆಸ್ಪತ್ರೆಯಲ್ಲಿ, ಒಳಗೆ ಹೋಗುವ ಮೊದಲು, ಅನಸ್ತೇಶಿಯಾದ ಆ ಡಾಕ್ಟರನ್ನು ಕರೆಯಲೇಬೇಕು ಎಂದು ಹಟ ಹಿಡಿದೆ. ಅವತ್ತು ಅನ್ವಿಗೆ ರಜೆ, ಅವಳೂ ಬಂದಿದ್ದಳು.

"ನಾನು ಸುಳ್ಳು ಹೇಳಿಲ್ಲ ಅಂತ ಹೇಳು ಅವರಿಗೆ."

"ಅಜ್ಜಿ, ಛೋಡೋ ನಾ, ಇಟ್ಸ್ ಓಕೇ."

"ಓಕೇ ಅಲ್ಲ. ಹೇಳು."

ಅವಳು ಹೇಳಿದಳು. ನಮ್ಮ ಕಡೆ ವ್ರತದ ದಿನ ಪೋಹಾ ತಿನ್ನಬಹುದು, ಅದು ಖಾನಾ ಅಲ್ಲ, ಅಜ್ಜಿಯ ಪ್ರಕಾರ ಅದು ಲೆಕ್ಕಕ್ಕೇ ಇಲ್ಲ ಎಂದು. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಹಣೆ ಚಚ್ಚಿಕೊಂಡು ನಕ್ಕರು. ಅವರ ಅಮ್ಮ ನವರಾತ್ರಿ ವ್ರತದಲ್ಲಿ ಬೆಳಿಗ್ಗೆಯಿಂದ ಆಲೂ ಟಿಕ್ಕಿ, ಹುರಿದ ಮಖಾನಾ, ಕುಟ್ಟೂ ಹಿಟ್ಟಿನ ಪೂರಿ ತಿಂದು, ಸಂಜೆ ಫೋನ್ ಮಾಡಿ "ಬೇಟಾ, ಇವತ್ತು ಏನೂ ತಿಂದಿಲ್ಲ, ತಲೆ ಸುತ್ತುತ್ತಿದೆ" ಅನ್ನುತ್ತಾರಂತೆ.

ಒಳಗೆ ಅದೇ ನರ್ಸ್. ಅದೇ ಹಸಿರು ಅಂಗಿ. ಡಾಕ್ಟರು ಈ ಸಲ ಖಾನಾ ಎಂಬ ಮಾತನ್ನೇ ಎತ್ತಲಿಲ್ಲ. ಚಾಯ್? ಬಿಸ್ಕಿಟ್? ದೂಧ್? ಫಲ? ಪ್ರಸಾದ? ಕೊನೆಗೆ, ನಾಲಿಗೆ ತಿರುಗಿಸಲು ಒದ್ದಾಡಿ, "ಅವ್ಲಕ್ಕೀ?"

ಎಲ್ಲಕ್ಕೂ ನಹೀ ಎಂದೆ.

ನರ್ಸ್ ಅನುಮಾನದಿಂದ ನೋಡಿದಳು. "ಸರ್, ಪಿಛಲೀ ಬಾರ್ ಭೀ ನಹೀ ಬೋಲಾ ಥಾ."

"ಹೋದ ಸಲವೂ ಮಾತಾಜೀ ಸತ್ಯವೇ ಹೇಳಿದ್ದು," ಎಂದರು ಡಾಕ್ಟರು ಹಿಂದಿಯಲ್ಲಿ, ನನಗೆ ಅರ್ಥವಾಗಲೆಂದು ನಿಧಾನವಾಗಿ. "ನಾವು ಖಾನಾ ಕೇಳಿದೆವು. ಅವರು ಖಾನಾಕ್ಕೆ ಉತ್ತರ ಕೊಟ್ಟರು."

ನನಗೆ ಕಣ್ಣು ತುಂಬಿ ಬಂತು. ಕನ್ನಡಕವೂ ಇರಲಿಲ್ಲ, ಮರೆಮಾಡಲು ಸೆರಗೂ ಇರಲಿಲ್ಲ. ನರ್ಸ್ ಹತ್ತಿಯಿಂದ ಒರೆಸಿದಳು. "ಸಾರೀ ಮಾತಾಜೀ," ಎಂದಳು. ಗಟ್ಟಿ ದನಿಯವರಿಗೂ ಮೆತ್ತಗೆ ಮಾತಾಡಲು ಬರುತ್ತದೆ.

ನನ್ನ ಸರದಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಪರದೆಯ ಆಚೆ ಇನ್ನೊಬ್ಬ ಹೆಂಗಸನ್ನು ತಂದು ಮಲಗಿಸಿದರು. ಬೇರೆ ನರ್ಸ್, ಅದೇ ಹಳೇ ಪ್ರಶ್ನೆ.

"ಖಾನಾ ಖಾಯಾ?"

"ನಹೀ ಜೀ. ಆಜ್ ತೋ ಮೇರಾ ವ್ರತ್ ಹೈ."

ವ್ರತ್! ನನ್ನ ಕಿವಿ ನೆಟ್ಟಗಾಯಿತು. ಮಲಗಿದಲ್ಲಿಂದಲೇ ಕೂಗಿದೆ. "ಕೇಲಾ ಖಾಯಾ ಕ್ಯಾ? ದೂಧ್ ಪೀಯಾ ಕ್ಯಾ?" ಹಲ್ಲಿನ ಸೆಟ್ ಇಲ್ಲದೆ ಅರ್ಧ ಗಾಳಿಯೇ ಹೋಯಿತು, ಆದರೂ ತಲುಪಿತು.

ಆಚೆಯಿಂದ ಸಣ್ಣ ದನಿ.

"ಬಸ್... ಏಕ್ ಕೇಲಾ. ಔರ್ ಏಕ್ ಗಿಲಾಸ್ ದೂಧ್."

ನಮ್ಮ ಡಾಕ್ಟರು ಪರದೆ ಸರಿಸಿಕೊಂಡು ಧಾವಿಸಿದರು. ಆಕೆಯ ಆಪರೇಷನ್ ಮುಂದಕ್ಕೆ ಹೋಯಿತು. ಆ ಮುದುಕಿಗೇಕೆ ಊರ ಉಸಾಬರಿ ಎಂದು ಆಕೆ ಹೊರಗೆ ಹೋಗಿ ನನಗೆ ಚೆನ್ನಾಗಿ ಬೈದಳಂತೆ, ಶುಭಾ ಆಮೇಲೆ ಹೇಳಿದಳು. ಬೈಯಲಿ. ಬದುಕಿದ್ದರೆ ತಾನೆ ಬೈಯುವುದು.

ನನ್ನದು ಸುಸೂತ್ರವಾಗಿ ಮುಗಿಯಿತು. ಮಲಗಿಸಿದವರು ಎಬ್ಬಿಸುವುದನ್ನು ಮರೆಯಲಿಲ್ಲ. ಕಣ್ಣು ಬಿಟ್ಟಾಗ ಎದುರಿಗೆ ಅದೇ ನಗುಮುಖ. ಹೊಟ್ಟೆಯಲ್ಲಿ ಉರಿ, ಗಂಟಲಲ್ಲಿ ಕೆರೆತ, ಆದರೂ ಕೈಯೆತ್ತಿ ಮುಗಿದೆ. ಎಲ್ಲ ಸರಿಹೋಯಿತು ಎಂದು ಈಗಲೇ ಹೇಳಲಾರೆ. ಹೊಲಿಗೆ ಎಳೆಯುತ್ತದೆ, ಕೆಮ್ಮಿದರೆ ಪ್ರಾಣ ಹೋಗುತ್ತದೆ, ಭಟೂರೆ ಎಂಬ ಮಾತು ಕೇಳಿದರೇ ಪಕ್ಕೆ ಹಿಡಿದುಕೊಳ್ಳುತ್ತೇನೆ. ಆದರೆ ಬೆಳಿಗ್ಗೆ ಎದ್ದು ಕಿಟಕಿಯಾಚೆ ಬೇವಿನ ಮರ ನೋಡುವಾಗ, ಇದೊಂದು ಬೆಳಗು ಬಿಟ್ಟಿ ಸಿಕ್ಕಿತಲ್ಲ ಅನಿಸುತ್ತದೆ.

ನಿನ್ನೆ ಡಾಕ್ಟರು ನೋಡಿ, ಇನ್ನು ಮಾಮೂಲಿ ಆಹಾರ ಸ್ವಲ್ಪ ಸ್ವಲ್ಪ ತಿನ್ನಬಹುದು ಎಂದರು. ಇವತ್ತು ಶನಿವಾರ. ಸ್ನಾನ ಮುಗಿಸಿ ಬಂದು, "ಶುಭಾ, ಇವತ್ತು ನನಗೆ ಉಪವಾಸ ಕಣೇ," ಎಂದೆ.

ಅವಳು ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ತುಂಬಿಕೊಂಡೇ ಬಚ್ಚಲಿಂದ ಓಡಿಬಂದಳು.

"ಯಾವ ಉಪವಾಸ ಅಮ್ಮಾ? ನಮ್ಮದಾ, ಆಸ್ಪತ್ರೇದಾ?"

"ನಮ್ಮದೇ," ಎಂದೆ. "ಬಾಯಿ ತೊಳ್ಕೊಂಡು ಬಂದು ಅವಲಕ್ಕಿ ನೆನೆಹಾಕು."