ಕರಿ ಚುಕ್ಕೆಯ ಮೂಗುಬೊಟ್ಟು

"ಅರ್ಧ ಹರಳು ಹೋದ್ರೂ ಹೋಗ್ಲಿ, ಆ ಕರಿ ಚುಕ್ಕಿ ಉಳೀಬಾರ್ದ್ರಿ," ಎಂದಳು ಕುರುಗೋಡಿನಿಂದ ಕಿರಿಯ ಮಗಳೊಂದಿಗೆ ಬಂಡಿಯಲ್ಲಿ ಬಂದಿದ್ದ ಒಬ್ಬ ತಾಯಿ. ಬಳ್ಳಾರಿಯಲ್ಲಿ ಹರಳು ಉಜ್ಜುವ ಸಾಣೆಗಾರರ ಅಂಗಡಿಯಲ್ಲಿ ನಾನು ನನ್ನ ಉಂಗುರಕ್ಕಾಗಿ ಕಾಯುತ್ತಿದ್ದೆ. ಅವಳು ತಂದದ್ದು ಹಿರಿಯ ಮಗಳ ವಜ್ರದ ಮೂಗುಬೊಟ್ಟು. ಆ ಮಗಳು ಸಿರುಗುಪ್ಪದ ಬಳಿ ಹರಿಗೋಲು ಮಗುಚಿ ತೀರಿಕೊಂಡಿದ್ದಳು. ಈಗ ಅದೇ ಅಳಿಯನಿಗೆ ಕಿರಿಯವಳನ್ನು ಕೊಡುವುದು ನಿಶ್ಚಯವಾಗಿತ್ತು. ಮೂಗುಬೊಟ್ಟೂ ಅವಳಿಗೇ.

ಸಾಣೆಗಾರರು ಹರಳನ್ನು ಬೆಳಕಿಗೆ ಹಿಡಿದರು. "ಚುಕ್ಕಿ ನಟ್ಟನಡುವ ಐತಿ ತಾಯಿ. ತೆಗದ್ರ ಕಡ್ಲಿಯಂಥಾದ್ದು ರಾಗಿಯಷ್ಟು ಆಗ್ತೈತಿ."

"ಆಗ್ಲಿ ಬಿಡ್ರಿ. ಈ ದೋಷದ ಹರಳೇ ಒಬ್ಬಾಕಿನ್ನ ನುಂಗೇತಿ. ಇನ್ನೊಬ್ಬಾಕಿನ್ನ ಕಳ್ಕೊಳ್ಳಾಕ ನನ್ನ ಕೈಲಿ ಆಗಂಗಿಲ್ಲ."

ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಕಿರಿಯ ಮಗಳು ತಾಯಿಯ ಕೈ ಹಿಡಿದಳು. "ಬ್ಯಾಡಬೇ ಯವ್ವಾ. ಹೊಳಿಯಿಂದ ತೆಗೆದಾಗ ಅಕ್ಕನ ಮಾರಿ ಗುರ್ತು ಸಿಗಲಿಲ್ಲ. ಈ ಚುಕ್ಕಿ ನೋಡೇ ನೀ 'ಇಕಿ ನನ್ನ ಮಗಳು' ಅಂದಿ. ನಾಳಿ ನನ್ನೂ ಗುರ್ತು ಹಿಡೀಬೇಕಲ್ಲ?"

ತಾಯಿ ಸಾಣೆಗಾರರ ಕೈಯಿಂದ ಹರಳನ್ನು ತೆಗೆದುಕೊಂಡಳು. ಮೂಗುಬೊಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು. ಮಗಳು ಹಿಂದೆಯೇ ನಡೆದಳು.

ಸ್ವಲ್ಪ ಹೊತ್ತಿಗೆ ನನ್ನ ಉಂಗುರ ಕೈಗೆ ಬಂತು. ಹರಳಿನಲ್ಲಿ ಒಂದು ಕಲೆಯೂ ಇರಲಿಲ್ಲ. ಗುರುತು ಹಿಡಿಯುವಂಥದ್ದೂ ಏನೂ ಇರಲಿಲ್ಲ.