ಗುಡುಗಿದಾಗ ಆರುವ ಇನ್ವರ್ಟರುಗಳು

ನಾನು ಇನ್ವರ್ಟರ್ ಮಾರಿ ಬದುಕುವವನು. ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಇರುವ ನನ್ನ ಅಂಗಡಿಯಲ್ಲಿ ಕೂತು, ಕರೆಂಟ್ ಹೋದರೂ ನಿಮ್ಮ ಮನೆಯಲ್ಲಿ ಬೆಳಕಿರುತ್ತದೆ ಎಂದು ಬಂದವರಿಗೆಲ್ಲ ಭರವಸೆ ಕೊಡುತ್ತೇನೆ. ಆದರೆ ಕರೆಂಟ್ ಹೋದಾಗ ನನ್ನ ಮನೆಯಲ್ಲೇ ಬೆಳಕಿರುವುದಿಲ್ಲ ಎಂಬುದನ್ನು ಮಾತ್ರ ಯಾವ ಗಿರಾಕಿಗೂ ಹೇಳಿದವನಲ್ಲ. ದೂರದಲ್ಲೆಲ್ಲೋ ಒಂದು ಗುಡುಗು ಕೇಳಿದರೆ ಸಾಕು, ನನ್ನ ಹೆಂಡತಿ ಸುಮಿತ್ರ ಏಳುತ್ತಾಳೆ. ಟಿವಿಯ ಪ್ಲಗ್ ಕೀಳುತ್ತಾಳೆ, ಫ್ರಿಜ್ಜಿನದು ಕೀಳುತ್ತಾಳೆ, ಬಳಸದೆ ತಿಂಗಳುಗಟ್ಟಲೆ ಆದ ಇಸ್ತ್ರಿಪೆಟ್ಟಿಗೆಯದನ್ನೂ ಒಮ್ಮೆ ಮುಟ್ಟಿ ನೋಡುತ್ತಾಳೆ. ಕಡೆಗೆ ಇನ್ವರ್ಟರಿನ ಗುಂಡಿ ಒತ್ತಿ ಅದನ್ನೂ ಆರಿಸಿ, ಮೇಣದಬತ್ತಿ ಹಚ್ಚಿಕೊಂಡು ನೆಮ್ಮದಿಯಾಗಿ ಕೂರುತ್ತಾಳೆ. ಇನ್ವರ್ಟರ್ ವ್ಯಾಪಾರಿಯ ಮನೆಯಲ್ಲಿ ಮೇಣದಬತ್ತಿಗೆ ಇರುವಷ್ಟು ಮರ್ಯಾದೆ ನನಗಿಲ್ಲ.

ಇದನ್ನು ಅವಳೊಬ್ಬಳ ಹೆದರಿಕೆ ಎಂದು ತಿಳಿಯಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಹುಟ್ಟಿದವರ ಕೈ ಗುಡುಗು ಕೇಳಿದ ಕೂಡಲೇ ತಾನಾಗಿ ಪ್ಲಗ್ಗಿನ ಕಡೆ ಹೋಗುತ್ತದೆ. ನಮ್ಮಲ್ಲಿ ಟಿವಿಗಳು ಹಳತಾಗಿ ಸಾಯುವುದು ಕಡಿಮೆ. 'ಸಿಡಿಲಿಗೆ ಹೋಯ್ತು' ಎನ್ನುತ್ತಾರೆ, ಅಷ್ಟೇ. ಸ್ಥಿರ ದೂರವಾಣಿಯ ಕಾಲದಲ್ಲಿ ಫೋನುಗಳೂ ಹಾಗೆಯೇ ಹೋಗುತ್ತಿದ್ದವು. ಆಗಿನಿಂದಲೂ ಸುಮಿತ್ರಳಿಗೆ ಇನ್ನೊಂದು ಅಭ್ಯಾಸ. ಎಲ್ಲ ಪ್ಲಗ್ಗು ಕಿತ್ತಾದ ಮೇಲೆ, ಫೋನಿನ ವೈರನ್ನೂ ಕೀಳುವ ಮೊದಲು, ತೀರ್ಥಹಳ್ಳಿಯಲ್ಲಿರುವ ತಂಗಿ ವಿಮಲಳಿಗೆ ಒಂದು ಕರೆ. "ಮೋಡ ಆ ಕಡೆಗೇ ಬರ್ತಾ ಇದೆ ಕಣೇ, ಎಲ್ಲ ತೆಗೆದಿಡು." ಅಷ್ಟು ಹೇಳಿ ಇಟ್ಟುಬಿಡುತ್ತಿದ್ದಳು. ಮೋಡ ತೀರ್ಥಹಳ್ಳಿಯ ಕಡೆಯಿಂದ ಎದ್ದ ದಿನ ವಿಮಲಳ ಕರೆ ಇತ್ತ ಬರುತ್ತಿತ್ತು. ವೈರಿನ ಫೋನು ಹೋಗಿ ಮೊಬೈಲು ಬಂತು, ಕರೆ ಮಾತ್ರ ನಿಲ್ಲಲಿಲ್ಲ. ಅಕ್ಕತಂಗಿಯರು ಹಬ್ಬಹರಿದಿನಗಳಲ್ಲಿ ಮಾತಾಡಿಕೊಂಡದ್ದಕ್ಕಿಂತ ಗುಡುಗಿನ ದಿನಗಳಲ್ಲಿ ಮಾತಾಡಿಕೊಂಡದ್ದೇ ಹೆಚ್ಚು.

ಹೀಗಿರುವಲ್ಲಿಗೆ ನಾನು ಮಾರುವ ಇನ್ವರ್ಟರಿಗೆ ಮಾತು ಬಂತು. ಕಂಪನಿಯವರು ಅದರ ಹೊಟ್ಟೆಯೊಳಗೆ ಒಂದು ಸಿಮ್ ಕಾರ್ಡು ಇಟ್ಟರು. ಬ್ಯಾಟರಿಯ ನೀರು ಕಡಿಮೆಯಾಯಿತು, ಕರೆಂಟು ಹೋಯಿತು, ಬಂತು, ಮನೆಯವರು ಗುಂಡಿ ಒತ್ತಿ ತನ್ನನ್ನು ಆರಿಸುತ್ತಿದ್ದಾರೆ, ಹೀಗೆ ತನಗಾದದ್ದನ್ನೆಲ್ಲ ಅದು ಆಗಿಂದಾಗಲೇ ಬೆಂಗಳೂರಿನ ಆಫೀಸಿಗೆ ವರದಿ ಒಪ್ಪಿಸುತ್ತದೆ. ಮೊದಲೆಲ್ಲ ಯಂತ್ರ ಮಾರಿದ ದಿನವೇ ಕಂಪನಿಗೂ ಅದಕ್ಕೂ ಋಣ ಹರಿಯುತ್ತಿತ್ತು. ಈಗಿನ ಯಂತ್ರ ಹೊಸದಾಗಿ ಮದುವೆಯಾದ ಹುಡುಗಿಯ ಹಾಗೆ, ಗಂಡನ ಮನೆಯಲ್ಲಿ ಇವತ್ತು ಏನಾಯಿತೆಂದು ದಿನವೂ ತವರಿಗೆ ಫೋನು ಮಾಡುತ್ತದೆ. ತವರಿನವರು ಕೇಳಿಸಿಕೊಂಡು ಸುಮ್ಮನಿರುವುದಿಲ್ಲ ಎಂಬುದು ನಿಮಗೂ ಗೊತ್ತು.

ಇದರ ಸಣ್ಣಪುಟ್ಟ ಫಜೀತಿಗಳನ್ನು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಮಾಸ್ತಿಕಟ್ಟೆಯ ಕಡೆಯ ಗೌಡರೊಬ್ಬರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಕಿಟಕಿಯಲ್ಲಿ ಮಾತ್ರ. ಇಷ್ಟು ವರ್ಷ ಅಲ್ಲಿ ಅವರ ಫೋನು ಇರುತ್ತಿತ್ತು. ಇನ್ವರ್ಟರಿಗೂ ನೆಟ್‌ವರ್ಕ್ ಬೇಕಲ್ಲ ಎಂದು ನಾನು ಅದನ್ನು ಆ ಕಿಟಕಿಯ ಕೆಳಗೇ ಕೂರಿಸಿದೆ. "ಮೊದ್ಲು ಇಲ್ಲಿ ನಾನು ಕೂತ್ಕಂಡು ಮಾತಾಡ್ತಿದ್ದೆ, ಈಗ ಇದು ಮಾತಾಡತ್ತೆ, ನಾನು ಅಂಗಳಕ್ಕೆ ಹೋಗ್ಬೇಕು" ಎಂದು ಗೌಡರು ಸಿಕ್ಕಾಗಲೆಲ್ಲ ಹೇಳುತ್ತಾರೆ. ಹೇಳುವಾಗ ಮುಖದಲ್ಲಿ ಸಣ್ಣ ಹೆಮ್ಮೆಯೂ ಇರುತ್ತದೆ, ಬೆಂಗಳೂರಿನವರ ಜೊತೆ ಅಷ್ಟು ಮಾತಾಡುವ ವಸ್ತು ಅವರ ಮನೆಯಲ್ಲಿ ಇನ್ನೊಂದಿಲ್ಲ.

ಆದರೂ ಈ ಮಾತಾಡುವ ಯಂತ್ರಗಳ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವೇ. ಡೈರಿಯಲ್ಲಿ ಹಾಲು ತಂಪು ಮಾಡುವ ಯಂತ್ರ ತನ್ನ ಬಿಸಿ ಏರಿದರೆ ತಾನೇ ಹೇಳುತ್ತದೆ. ಬಸ್ಸು ಎಲ್ಲಿದೆ ಎಂಬುದನ್ನು ಬಸ್ಸೇ ಹೇಳುತ್ತದೆ, ಕಂಡಕ್ಟರ್ 'ಇಲ್ಲೇ ಹತ್ರ ಬಂದ್ವಿ' ಎಂದು ಸುಳ್ಳು ಹೇಳುವ ಸುಖವೊಂದು ತಪ್ಪಿತು ಅಷ್ಟೇ. ಕಾರು ಮಾಡುವವರು ಮುಂದೆ ಕಾರು ಮಾರುವುದಿಲ್ಲ, ದಾರಿಯಲ್ಲಿ ಕೈಕೊಡದ ಪ್ರಯಾಣವನ್ನು ಮಾರುತ್ತಾರೆ. ಪಂಪು ಮಾಡುವವರು ನೀರನ್ನು, ಇನ್ವರ್ಟರ್ ಮಾಡುವವರು ಬೆಳಕನ್ನು ಮಾರುತ್ತಾರೆ. ವಸ್ತು ಬರೀ ನೆಪವಾಗುತ್ತದೆ. ಇಂಥ ಕಾಲದಲ್ಲಿ ತಾನು ಮಾಡುವುದು ಯಂತ್ರವನ್ನು ಎಂದುಕೊಂಡ ಕಂಪನಿ ಹಿಂದೆ ಬೀಳುತ್ತದೆ, ತಾನು ಕೇಳಿಸಿಕೊಳ್ಳುವುದು ಏನನ್ನು ಎಂದು ಯೋಚಿಸುವ ಕಂಪನಿ ಮುಂದೆ ಹೋಗುತ್ತದೆ. ಹೀಗೆಂದು ನಾನು ಅಂಗಡಿಗೆ ಬಂದವರಿಗೆ ಭಾಷಣ ಮಾಡುತ್ತಿದ್ದೆ. ಆ ಬದಲಾವಣೆ ನನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಅದು ಬಂದದ್ದು ಬೇಸಿಗೆಯ ಕೊನೆಯಲ್ಲಿ, ದಿನಾ ಮಧ್ಯಾಹ್ನ ಗುಡುಗುವ ಕಾಲದಲ್ಲಿ, ಕಂಪನಿಯ ಮ್ಯಾನೇಜರರ ಫೋನಿನ ಮೂಲಕ. ಒಳ್ಳೆಯ ಮನುಷ್ಯ, ಆದರೆ ಎದುರಿಗಿರುವ ಪರದೆಯನ್ನು ಬಿಟ್ಟು ಬೇರೇನನ್ನೂ ನಂಬುವವರಲ್ಲ. "ನೋಡಿ, ನಿಮ್ಮ ಮೂರು ತಾಲ್ಲೂಕಲ್ಲಿ ಮಾತ್ರ ವಿಚಿತ್ರ ನಡೀತಿದೆ. ಕರೆಂಟ್ ಹೋಗೋ ಹೊತ್ತಿಗೆ ಸರಿಯಾಗಿ ಜನ ಇನ್ವರ್ಟರನ್ನ ಆಫ್ ಮಾಡ್ತಾರೆ. ಫೋನ್ ಮಾಡಿದ್ರೆ ಒಬ್ಬರೂ ಎತ್ತಲ್ಲ" ಎಂದರು. ಮಳೆ ಬರುವಾಗ ಊರಿಗೆ ಊರೇ ಕೊಡೆ ಮಡಚಿಟ್ಟರೆ ಕೊಡೆ ಮಾರಿದವನಿಗೆ ಏನನ್ನಿಸಬೇಡ? ಗುಡುಗುವಾಗ ನಮ್ಮವರು ಫೋನನ್ನೂ ಮುಟ್ಟುವುದಿಲ್ಲ ಎಂದು ವಿವರಿಸಲು ಹೋದೆ. ಅವರಿಗೆ ಅದು ನೆಪದ ಹಾಗೆ ಕೇಳಿಸಿತು. ಜೋಡಣೆಯಲ್ಲೇ ಏನೋ ದೋಷವಿದೆ, ಇನ್ವರ್ಟರ್ ಸದ್ದು ಮಾಡುತ್ತಿರಬೇಕು ಅಥವಾ ಶಾಕ್ ಹೊಡೆಯುತ್ತಿರಬೇಕು, ಜನ ಹೆದರಿ ಆರಿಸುತ್ತಿದ್ದಾರೆ ಎಂಬುದು ಅವರ ತೀರ್ಮಾನ. ಜೋಡಿಸಿದವನು ನಾನು. ಮಳೆಗಾಲ ಕಳೆದ ಮೇಲೆ ಈ ಮೂರು ತಾಲ್ಲೂಕಿನ ಕೆಲಸವನ್ನು ಕಂಪನಿಯೇ ನೇರವಾಗಿ ನೋಡಿಕೊಳ್ಳುತ್ತದೆ, ನಿಮ್ಮ ಡೀಲರ್‌ಷಿಪ್ ಮುಂದುವರಿಯುವುದು ಕಷ್ಟ ಎಂದರು. ಅಲ್ಲಿಯವರೆಗೆ ಇನ್ನೊಂದು ಉಪಾಯವನ್ನೂ ಯೋಚಿಸಿದ್ದರು. ಕರೆಂಟ್ ಇಲ್ಲದಾಗ ಇನ್ವರ್ಟರ್ ಆರಿಸುವ ಗುಂಡಿ ಕೆಲಸವನ್ನೇ ಮಾಡದ ಹಾಗೆ ಬೆಂಗಳೂರಿನಿಂದಲೇ ಲಾಕ್ ಮಾಡುವುದು.

ನನಗೆ ಡೀಲರ್‌ಷಿಪ್ಪಿನದು ಎಷ್ಟು ಚಿಂತೆಯೋ ಆ ಗುಂಡಿಯದೂ ಅಷ್ಟೇ ಚಿಂತೆಯಾಯಿತು. ಆ ಅಂಗಡಿಯೇ ನನ್ನ ಬದುಕು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ತಾನು ಕೊಂಡ ಯಂತ್ರದ ಗುಂಡಿ ತಾನು ಒತ್ತಿದಾಗ ಕೇಳುವುದಿಲ್ಲ ಎಂದು ಗೊತ್ತಾದರೆ ನಮ್ಮವರು ಜಗಳಕ್ಕೆ ಬರುವುದಿಲ್ಲ. ಸದ್ದಿಲ್ಲದೆ ವೈರುಗಳನ್ನೇ ಬಿಚ್ಚಿ, ಯಂತ್ರವನ್ನು ಅಟ್ಟಕ್ಕೆ ಏರಿಸುತ್ತಾರೆ. "ಒಮ್ಮೆ ಇಲ್ಲಿಗೆ ಬಂದು ನೋಡಿ, ಆಮೇಲೆ ಏನು ಬೇಕಾದರೂ ಮಾಡಿ" ಎಂದು ಬೇಡಿಕೊಂಡೆ. ಅವರು ಬರಲಿಲ್ಲ, ಪಲ್ಲವಿ ಎಂಬ ಎಂಜಿನಿಯರ್ ಹುಡುಗಿಯನ್ನು ಕಳಿಸಿದರು.

ಪಲ್ಲವಿಯ ಊರು ಚಿತ್ರದುರ್ಗದ ಕಡೆ. ಮೋಡ ಕಂಡರೆ ಖುಷಿಪಡುವ ಸೀಮೆಯವಳು. ಒಂದು ಬೆಳಗಿನ ಬಸ್ಸಿಗೆ ಬಂದಿಳಿದು, ಅಂಗಡಿಯಲ್ಲಿ ಕೂತು, ನಾನು ವೈರು ಜೋಡಿಸುವ ಕ್ರಮವನ್ನೆಲ್ಲ ಕೇಳಿ ತಿಳಿದುಕೊಂಡಳು. ತಪ್ಪೇನೂ ಸಿಗಲಿಲ್ಲ. ಬಿಸಿಲು ಸುಡುತ್ತಿತ್ತು, ಊಟಕ್ಕೆ ಮನೆಗೆ ಕರೆದುಕೊಂಡು ಹೋದೆ. ಸುಮಿತ್ರ ಮಾವಿನಕಾಯಿ ಬೇಯಿಸಿ ಮಾಡಿದ ಅಪ್ಪೆಹುಳಿಯನ್ನು ಆ ಹುಡುಗಿ ಎರಡನೆಯ ಸಲ ಹಾಕಿಸಿಕೊಳ್ಳುತ್ತಿರುವಾಗ ಸಾಗರದ ದಿಕ್ಕಿನಲ್ಲಿ ಸಣ್ಣಗೆ ಗುಡುಗಿತು. ಪಲ್ಲವಿಗೆ ಅದು ಕೇಳಿಸಿತೋ ಇಲ್ಲವೋ, ಸುಮಿತ್ರ ಮಾತ್ರ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದಳು. ಟಿವಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆಯ ಮುಟ್ಟಾಟ, ಎಲ್ಲ ಕ್ರಮಬದ್ಧವಾಗಿ ನಡೆದು ಇನ್ವರ್ಟರಿನ ಗುಂಡಿಗೆ ಕೈ ಹೋಯಿತು. ನಾನು ತಟ್ಟೆ ನೋಡುತ್ತಾ ಕೂತೆ. ಕಂಪನಿಯ ಎದುರಿಗೇ ಕಂಪನಿಯ ಮಾಲನ್ನು ಆರಿಸುವ ಧೈರ್ಯ ನನಗಂತೂ ಇರಲಿಲ್ಲ.

"ಆಂಟಿ, ಯಾಕೆ ಆಫ್ ಮಾಡಿದ್ರಿ?" ಎಂದು ಪಲ್ಲವಿ ಕೇಳಿದಳು.

"ಗುಡುಗ್ತಿದೆಯಲ್ಲೇ ಮಾರಾಯ್ತಿ. ನೀನೂ ಆ ಫೋನು ಕೆಳಗಿಡು. ತಡಿ, ನಂದೊಂದು ಫೋನ್ ಆಗ್ಲಿ" ಎಂದು ಸುಮಿತ್ರ ತಂಗಿಗೆ ಕರೆ ಮಾಡಿದಳು. "ಸಾಗರದ ಕಡೆಯಿಂದ ಎದ್ದಿದೆ ಕಣೇ, ನಿಮ್ಮಲ್ಲಿಗೂ ಬರತ್ತೆ ಕಾಣತ್ತೆ, ಎಲ್ಲ ತೆಗೆದಿಡು" ಎಂದು ಹೇಳಿ, ಮೊಬೈಲನ್ನು ಆರಿಸಿ ಕಪಾಟಿನಲ್ಲಿಟ್ಟಳು.

ಪಲ್ಲವಿ ಫೋನು ಕೆಳಗಿಡಲಿಲ್ಲ. ಎಡಗೈಯಲ್ಲಿ ಅದನ್ನು ಹಿಡಿದು ಕಂಪನಿಯ ನಕ್ಷೆ ತೆರೆದಳು. ನಾನು ಮಾರಿದ ಇನ್ವರ್ಟರುಗಳೆಲ್ಲ ಅದರಲ್ಲಿ ಹಸಿರು ಚುಕ್ಕಿಗಳಾಗಿದ್ದವು, ಆರಿಸಿದವು ಕೆಂಪು. ಸಾಗರದ ಸುತ್ತ ಆಗಲೇ ಕೆಂಪಾಗಿತ್ತು. ನೋಡನೋಡುತ್ತಿದ್ದ ಹಾಗೆ ನಮ್ಮ ಹೊಸನಗರದ ಚುಕ್ಕಿಗಳು ಒಂದೊಂದಾಗಿ ಕೆಂಪಾದವು. ಸಾಗರದ ಒಬ್ಬ ಗಿರಾಕಿಗೆ ಕರೆ ಮಾಡಲು ಅವಳು ನನಗೆ ಹೇಳಿದಳು. ನನ್ನ ಹಳೆಯ ಪರಿಚಯದ ಭಟ್ಟರೊಬ್ಬರು, ಗುಡುಗಿಗೂ ಫೋನು ಬಿಡದ ಏಕೈಕ ಧೈರ್ಯಸ್ಥರು, ಎತ್ತಿಕೊಂಡರು. "ಎಂತದೂ ಹಾಳಾಜಿಲ್ಲೆ ಮಾರಾಯ. ಗುಡುಗು ಇದ್ದು, ಅದ್ಕೇ ಎಂಗೊ ಎಲ್ಲಾ ಆಫ್ ಮಾಡಿಟ್ಟಿದ್ಯ" ಎಂದರು. ಏನೂ ಕೆಟ್ಟಿಲ್ಲ, ಗುಡುಗಿಗೆ ತಾವೇ ಆರಿಸಿದ್ದಾರೆ ಎಂದು ನಾನು ಪಲ್ಲವಿಗೆ ಬಿಡಿಸಿ ಹೇಳಿದೆ. ಪಲ್ಲವಿ ಊಟ ಮರೆತು ನಕ್ಷೆಯನ್ನೇ ನೋಡುತ್ತಿದ್ದಳು. ನಮ್ಮ ಮನೆಯ ಹಂಚಿನ ಮೇಲೆ ಮಳೆ ಸುರಿದು ಹೋಗಿ ಸ್ವಲ್ಪ ಹೊತ್ತಿಗೆ ತೀರ್ಥಹಳ್ಳಿಯ ಚುಕ್ಕಿಗಳು ಕೆಂಪಾಗತೊಡಗಿದವು, ಸಾಗರದವು ಮತ್ತೆ ಹಸಿರಾಗುತ್ತಾ ಬಂದವು.

"ಸರ್, ಇದು ದೋಷ ಅಲ್ಲ, ಮೋಡ ನಡೆಯೋ ದಾರಿ" ಎಂದಳು.

ಆ ಒಂದು ಮಾತಿಗೆ ನಾನು ಆ ಹುಡುಗಿಗೆ ಇವತ್ತಿಗೂ ಋಣಿ. ಎಷ್ಟೋ ವರ್ಷದಿಂದ ನನ್ನ ಹೆಂಡತಿ ಕರೆ ಮಾಡುವುದನ್ನು ನೋಡುತ್ತಾ ಬಂದ ನನಗೆ ಅದು ಹೊಳೆದಿರಲಿಲ್ಲ. ಸುಮಿತ್ರಳಿಗೂ ತನ್ನ ಕರೆಯಲ್ಲಿ ಅಂಥದ್ದೇನಿದೆ ಎಂದು ಗೊತ್ತಿರಲಿಲ್ಲ. ಪಲ್ಲವಿಗೆ ಆ ಕರೆ, ಆ ನಕ್ಷೆ ಎರಡೂ ಒಟ್ಟಿಗೆ ಕಂಡವು, ಅಕ್ಕ ತಂಗಿಗೆ ಹೇಳುವುದನ್ನೇ ಯಂತ್ರ ಊರಿಗೆಲ್ಲ ಹೇಳಬಹುದು ಎಂದು. ಅವಳು ಬೆಂಗಳೂರಿಗೆ ಹೋಗಿ ಮ್ಯಾನೇಜರರ ಪರದೆಯ ಮೇಲೆ ಆ ಮಧ್ಯಾಹ್ನದ ನಕ್ಷೆಯನ್ನು ಓಡಿಸಿ ತೋರಿಸಿದಳಂತೆ. ಪರದೆಯನ್ನು ನಂಬುವ ಮನುಷ್ಯನಿಗೆ ಪರದೆಯ ಮೇಲೆಯೇ ಹೇಳಬೇಕು, ಅದು ನನಗೆ ತಿಳಿಯದ ವಿದ್ಯೆ. ಗುಂಡಿ ಲಾಕ್ ಮಾಡುವ ಮಾತು ಅಲ್ಲಿಗೇ ನಿಂತಿತು. ಮಳೆಗಾಲ ಕಳೆದು ಮತ್ತೆ ಗುಡುಗು ಶುರುವಾಗುವ ಹೊತ್ತಿಗೆ ಕಂಪನಿಯಿಂದ ಗಿರಾಕಿಗಳ ಫೋನಿಗೆ ಸಂದೇಶ ಬರತೊಡಗಿತು: 'ಗುಡುಗು ನಿಮ್ಮ ಕಡೆ ಬರುತ್ತಿದೆ, ಎಚ್ಚರ.' ಒಂದು ಊರಿನವರು ಆರಿಸಿದ್ದು ಮುಂದಿನ ಊರಿನವರಿಗೆ ಸುದ್ದಿಯಾಯಿತು.

ನನ್ನ ಡೀಲರ್‌ಷಿಪ್ ಉಳಿಯಿತು. ಉಳಿದದ್ದು ಮಾತ್ರವಲ್ಲ, ಈಗ ಇನ್ವರ್ಟರ್ ಬೇಡ, ಆ ಸಂದೇಶ ಬರುವ ಹಾಗೆ ಮಾಡಿಕೊಡಿ ಎಂದು ಕೇಳಿಕೊಂಡು ಬರುವವರೂ ಇದ್ದಾರೆ. ತೋಟದ ಕೆಲಸಕ್ಕೆ ಜನ ಕರೆದವರು, ಅಂಗಳದಲ್ಲಿ ಹಪ್ಪಳ ಒಣಹಾಕಿದವರು, ಶಾಮಿಯಾನ ಕಟ್ಟುವವರು. ಬೆಳಕು ಮಾರುತ್ತಿದ್ದ ಕಂಪನಿ ಗುಡುಗಿನ ಸುದ್ದಿ ಮಾರುವ ಕಂಪನಿಯಾಗುತ್ತಿದೆ, ಹಾಗಾಗುತ್ತೇನೆಂದು ಅದಕ್ಕೇ ಗೊತ್ತಿರಲಿಲ್ಲ. ನಾಳೆ ಎಲ್ಲ ಉದ್ಯಮಗಳೂ ಹೀಗೆಯೇ ತಿರುಗುತ್ತವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಇದರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಆ ಯಂತ್ರಕ್ಕೆ ಗುಡುಗು ಕೇಳಿಸುವುದೇ ಇಲ್ಲ. ಅದಕ್ಕೆ ತಿಳಿಯುವುದು ಯಾರೋ ಒಬ್ಬಾಕೆ ಸೌಟು ಬಿಟ್ಟು ಎದ್ದು ಬಂದು ಗುಂಡಿ ಒತ್ತಿದಳು ಎಂಬುದು ಮಾತ್ರ. ಈಗ ಕಂಪನಿಯವರು ಸಿಡಿಲಿನಿಂದ ಕಾಪಾಡುವ ಭಾಗವೊಂದನ್ನು ಸೇರಿಸಿ, ಇನ್ನು ಆರಿಸುವ ಅಗತ್ಯವಿಲ್ಲ ಎನ್ನುತ್ತಾರೆ. ಎಲ್ಲರೂ ಅದನ್ನು ನಂಬಿ ಸುಮ್ಮನೆ ಕೂತರೆ ಸಂದೇಶವೂ ನಿಲ್ಲುತ್ತದೆ ಎಂದು ಪಲ್ಲವಿ ಫೋನಿನಲ್ಲಿ ಆತಂಕ ಪಟ್ಟಳು. ನಾನು ಸುಮಿತ್ರಳ ಕಡೆ ನೋಡಿ, ಆ ಭಯ ಬೇಡವೆಂದು ಧೈರ್ಯ ಹೇಳಿದೆ.

ಅದಕ್ಕೂ ಮೊದಲು ಧೈರ್ಯ ಬೇಕಾಗಿದ್ದದ್ದು ಸುಮಿತ್ರಳಿಗೇ. ಇನ್ನು ಸಂದೇಶ ಬರುತ್ತದೆ ಎಂದು ಗೊತ್ತಾದಾಗ ಅವಳು ಒಂದೆರಡು ದಿನ ಸಪ್ಪಗಿದ್ದಳು. ಮೊದಲ ಸಲ ನಮ್ಮ ಫೋನುಗಳಿಗೆ ಸಂದೇಶ ಬಂದ ಮಧ್ಯಾಹ್ನ ಎಲ್ಲ ಪ್ಲಗ್ಗು ಕಿತ್ತು, ಇನ್ವರ್ಟರ್ ಆರಿಸಿ, ಮೊಬೈಲ್ ಹಿಡಿದು ನಿಂತೇ ಇದ್ದಳು. "ವಿಮಲಂಗೂ ಬಂದಿರತ್ತಲ್ಲ, ಇನ್ನು ನಾನು ಹೇಳಕ್ಕೆ ಏನಿದೆ?" ಎಂದಳು. ಗುಡುಗು ಹತ್ತಿರವಾಗುತ್ತಿತ್ತು. ಕಡೆಗೆ ತಡೆಯಲಾರದೆ ಕರೆ ಮಾಡಿಯೇಬಿಟ್ಟಳು. ಆ ಕಡೆಯಿಂದ ವಿಮಲಳ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಯಾಕಕ್ಕಾ ಇಷ್ಟೊತ್ತು? ಮೆಸೇಜ್ ಬಂದು ಎಲ್ಲ ತೆಗೆದಿಟ್ಟು ಆಯ್ತು. ನೀನು ಮಾಡ್ತೀಯ ಅಂತ ಈ ಫೋನೊಂದನ್ನ ಆರಿಸ್ದೆ ಕೂತಿದೀನಿ."